ಒಂದೇ ಒಲೆಯವರು

ಜೂನ್ ೨, ಸೋಮವಾರ

ಮಾವನವರನ್ನು ಇವತ್ತು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ತೊಡೆಯ ಮೂಳೆಗೆ ರಾಡು ಹಾಕಿದ್ದಾರೆ. ಬಾಯಿಗೆ ಏನೂ ಆಗಿಲ್ಲ.

ಬಿದ್ದದ್ದು ಅವರೇ ಕಟ್ಟಿದ ಎರವಲು ಬಳಗದ ಉಗ್ರಾಣದಲ್ಲಿ. ಯಾರೋ ದಾನ ಕೊಟ್ಟ ಸ್ಟೂಲು ಗಟ್ಟಿಯಾಗಿದೆಯೇ ಎಂದು ತಾವೇ ಮೇಲೆ ಹತ್ತಿ ನಿಂತು ಪರೀಕ್ಷೆ ಮಾಡಿದ್ದಾರೆ. ಸ್ಟೂಲು ಫೇಲಾಯಿತು. ಜೀವಮಾನವೆಲ್ಲ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ಅಂಗಡಿಯವರ ಮೋಸದ ತಕ್ಕಡಿ ಹಿಡಿದವರು. ಯಾವುದನ್ನೂ ಬಾಯಿಮಾತಿಗೆ ನಂಬುವ ಜಾಯಮಾನ ಅವರದಲ್ಲ.

ಕಾಲು ಮುರಿದವರಿಗೆ, ಹಾಸಿಗೆ ಹಿಡಿದವರಿಗೆ ವಾಕರು, ಊರುಗೋಲು, ಗಾಲಿಕುರ್ಚಿ, ಮಡಚುವ ಮಂಚ ಎಲ್ಲವನ್ನೂ ಪುಕ್ಕಟೆ ಎರವಲು ಕೊಟ್ಟು, ವಾಸಿಯಾದ ಮೇಲೆ ವಾಪಸು ಪಡೆಯುವುದು ಅವರ ಬಳಗದ ಕೆಲಸ. ಒಳ್ಳೆಯ ಕೆಲಸವೇ. ಆದರೆ ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ದೊಡ್ಡವರು ಸುಮ್ಮನೆ ಹೇಳಲಿಲ್ಲ. ಶುರುವಿನಿಂದಲೂ ಮಾವನೇ ಅಧ್ಯಕ್ಷರು. ಬೇರೆಯವರು ಆಗಬಾರದೆಂದು ನಿಯಮವೇನೂ ಇಲ್ಲ. ಯಾರಿಗೂ ಧೈರ್ಯ ಬಂದಿಲ್ಲ, ಅಷ್ಟೆ.

ಸಂಜೆ ಸಮಿತಿ ಸಭೆ ಇತ್ತು. "ಉಗ್ರಾಣದ ಕೀಲಿ ಕೊಟ್ಟು ಬಾಮ್ಮ" ಎಂದು ನನ್ನನ್ನು ಓಡಿಸಿದರು. ಬೆಳಿಗ್ಗೆ ಆಸ್ಪತ್ರೆಯ ಓಡಾಟ, ಆಮೇಲೆ ಕೆಲಸಕ್ಕೆಂದು ಕನ್ನಡಕದ ಅಂಗಡಿಯಲ್ಲಿ ನಿಂತು ಕಾಲು ಸೋತಿತ್ತು. ಖಾಲಿ ಇದ್ದ ಒಂದೇ ಕುರ್ಚಿಯಲ್ಲಿ ಕೂತೆ. ಅದು ಅಧ್ಯಕ್ಷರ ಕುರ್ಚಿಯಂತೆ.

"ಕೀಲಿ ತಗೊಳ್ಳಿ ಟೀಚರ್, ನಾನು ಹೊರಡ್ತೀನಿ" ಅಂದೆ. ಕಾರ್ಯದರ್ಶಿ ನಿವೃತ್ತ ಮುಖ್ಯೋಪಾಧ್ಯಾಯಿನಿ. ಎಲ್ಲರಿಗೂ ದೊಡ್ಡ ಟೀಚರ್.

"ತಗೊಳ್ಳೋಕಾಗಲ್ಲಮ್ಮ. ಬೈಲಾದಲ್ಲಿ ಸ್ಪಷ್ಟವಾಗಿದೆ. ಅಧ್ಯಕ್ಷರು ಬರದೆ ಇದ್ದಾಗ ಕೀಲಿ ಯಾರ ಕೈಲಿದೆಯೋ ಅವರೇ ಹಂಗಾಮಿ ಅಧ್ಯಕ್ಷರು. ನೀವೂ ಬಳಗದ ಸದಸ್ಯರೇ ಅಲ್ವಾ?"

ಹೌದು, ಸದಸ್ಯಳೇ. ಮದುವೆಯಾದ ವರ್ಷವೇ ಮಾವ ನನ್ನ ಸಹಿ ಹಾಕಿಸಿಕೊಂಡಿದ್ದರು. ಕೀಲಿಯ ನಿಯಮವನ್ನೂ ಅವರೇ ಬರೆದದ್ದು. ಕೀಲಿಯನ್ನು ಸೊಂಟದಿಂದ ಎಂದೂ ಬಿಚ್ಚದ ಮನುಷ್ಯ ಅದನ್ನು ಯಾಕೆ ಬರೆದರೆಂದು ಬಿಡಿಸಿ ಹೇಳಬೇಕಾಗಿಲ್ಲ.

"ಬೇಡ" ಅಂದೆ. ಖಜಾಂಚಿಯಾದ ಔಷಧಿ ಅಂಗಡಿಯವರು "ಆಗ್ಲಿ ಆಗ್ಲಿ" ಅಂದರು. ಅವರು ಎಲ್ಲದಕ್ಕೂ ಹಾಗೇ ಅನ್ನುವುದು. ಸಾಮಾನು ರಿಪೇರಿ ಮಾಡುವ ಬಡಗಿಯಣ್ಣ ಅಷ್ಟರಲ್ಲಿ ಚಪ್ಪಾಳೆ ತಟ್ಟಿಬಿಟ್ಟ. ನಾನು ಹಂಗಾಮಿ ಅಧ್ಯಕ್ಷೆ.

ಐದು ನಿಮಿಷದ ಕೆಲಸವನ್ನು ಎರಡು ಗಂಟೆ ಮಾತಾಡಿ ಮುಂದೂಡುವುದಕ್ಕೆ ಸಭೆ ಎನ್ನುತ್ತಾರೆಂದು ಇವತ್ತು ತಿಳಿಯಿತು. ಮಾವ ಏಳುವವರೆಗೆ ಮಾತ್ರ. ಎದ್ದ ದಿನವೇ ಕೀಲಿ ಅವರ ಸೊಂಟಕ್ಕೆ.

ಜೂನ್ ೫, ಗುರುವಾರ

ಮಾವ ಸಭೆಯಲ್ಲಿ ಬಾರಿಸುತ್ತಿದ್ದ ಹಿತ್ತಾಳೆ ಗಂಟೆ ಈಗ ಮಂಚದ ಪಕ್ಕದಲ್ಲಿದೆ. ಒಂದು ಸಲ ಬಾರಿಸಿದರೆ ನೀರು. ಎರಡು ಸಲಕ್ಕೆ ಬೆಡ್‌ಪ್ಯಾನು. ಮೂರು ಸಲ ಬಾರಿಸಿದರೆ ಬಳಗದ ವಿಷಯ. ನಿನ್ನೆ ಮೂರರ ಗಂಟೆಯೇ ಜಾಸ್ತಿ.

"ಸಭೇಲಿ ಏನು ತೀರ್ಮಾನ ಆಯ್ತು?"

"ಏನೂ ಆಗ್ಲಿಲ್ಲ ಮಾವ."

"ಹಂಗಾದ್ರೆ ಸರಿಯಾಗೇ ನಡೆದಿದೆ" ಎಂದು ಸಮಾಧಾನದಿಂದ ಕಣ್ಣು ಮುಚ್ಚಿದರು.

ಜೂನ್ ೯, ಸೋಮವಾರ

ಫಿಸಿಯೋ ಡಾಕ್ಟರಮ್ಮ ಬಂದಿದ್ದಳು. ಚಿಕ್ಕ ವಯಸ್ಸು, ಚುರುಕು ಹೆಣ್ಣು. ಹೊಲಿಗೆ ಒಣಗಿದೆ, ವಾಕರು ಹಿಡಿದು ನಿಲ್ಲುವುದನ್ನು ಶುರು ಮಾಡಬೇಕು, ತಡ ಮಾಡಿದಷ್ಟೂ ಕಾಲು ನಿಲ್ಲುವುದನ್ನೇ ಮರೆಯುತ್ತದೆ ಎಂದಳು. "ಮನೇಲಿ ವಾಕರ್ ಇದೆಯಾ?" ಎಂದು ಕೇಳಿದಾಗ ನಮಗೆಲ್ಲ ನಗು. ಊರಿಗೆ ವಾಕರು ಹಂಚುವ ಮನುಷ್ಯನನ್ನು ಇಂಥ ಪ್ರಶ್ನೆ ಕೇಳುವುದೇ?

ನಮ್ಮ ಯಜಮಾನರು ಚಪ್ಪಲಿ ಮೆಟ್ಟಿ ಉಗ್ರಾಣಕ್ಕೆ ಹೊರಟರು. ಕೀಲಿ ಹಿಡಿದು ನಾನೂ ಹೋದೆ. ಎರವಲಿನ ಪುಸ್ತಕ ಬರೆಯಲು ದೊಡ್ಡ ಟೀಚರ್ ಅವರನ್ನೂ ಕರೆಸಿದೆವು. ವಾಕರಿಗೆ ಕೈ ಹಾಕಿದ್ದೇ ತಡ, "ಹಾಗೆಲ್ಲ ಕೊಡೋಕಾಗಲ್ಲ" ಅಂದರು. ಬೈಲಾ ಬಾಯಿಪಾಠ ಒಪ್ಪಿಸಿದರು: "ಸಮಿತಿಯವರಾಗಲಿ, ಅವರ ಮನೆಯವರಾಗಲಿ ಬಳಗದ ಸಾಮಾನನ್ನು ಎರವಲು ಪಡೆಯತಕ್ಕದ್ದಲ್ಲ. ಮನೆಯವರು ಎಂದರೆ ಒಂದೇ ಒಲೆಯ ಅಡುಗೆ ಉಣ್ಣುವವರು."

ಹಿಂದೊಮ್ಮೆ ಖಜಾಂಚಿಯೊಬ್ಬರ ಅತ್ತೆ ಬಳಗದ ಗಾಲಿಕುರ್ಚಿಯನ್ನು ವರ್ಷಗಟ್ಟಲೆ ಇಟ್ಟುಕೊಂಡು ಒದ್ದೆ ಬಟ್ಟೆ ಒಣಹಾಕುತ್ತಿದ್ದರಂತೆ. ಅವತ್ತು ಹುಟ್ಟಿದ ನಿಯಮ. ಹುಟ್ಟಿಸಿದವರು ಯಾರೆಂದು ಬೇರೆ ಹೇಳಬೇಕೇ?

ಬರಿಗೈಯಲ್ಲಿ ಬಂದು ಹೇಳಿದೆವು. ಮಾವನಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಮುಖ ಊರಗಲವಾಯಿತು.

"ಹಂಗಂದ್ರಾ ಟೀಚರ್ರು? ಭೇಷ್! ನೋಡೋ ಮಗನೇ, ನಿಯಮ ಅಂದ್ರೆ ಹಂಗಿರ್ಬೇಕು."

"ಅಪ್ಪಾ, ನಿನ್ನ ಕಾಲಿನ ವಿಷಯ ಇದು."

"ಕಾಲು ನಂದು ಕಣೋ. ವಾಕರು ಬಳಗದ್ದು."

ತಾನು ತೋಡಿದ ಗುಂಡಿಗೆ ತಾನೇ ಬಿದ್ದವರನ್ನು ನೋಡಿದ್ದೇನೆ. ಬಿದ್ದ ಮೇಲೆ ಗುಂಡಿಯ ಅಳತೆ ಎಷ್ಟು ಸರಿಯಾಗಿದೆ ಎಂದು ಹೊಗಳುವವರನ್ನು ಇವತ್ತೇ ನೋಡಿದ್ದು.

ಜೂನ್ ೧೧, ಬುಧವಾರ

ಇವರು ಅಂಗಡಿಯಿಂದ ಹೊಸ ವಾಕರು ಕೊಂಡು ತಂದರು. ಮಾವ ಅದನ್ನು ತಿರುಗಿಸಿ ನೋಡಿ, ಅಲ್ಲಾಡಿಸಿ ನೋಡಿ, ಚೆನ್ನಾಗಿದೆ ಅಂದರು. ನಾನು ಟೀ ಮಾಡಿ ತರುವಷ್ಟರಲ್ಲಿ ಬಡಗಿಯಣ್ಣನಿಗೆ ಫೋನು ಮಾಡಿ ಅದನ್ನು ಬಳಗಕ್ಕೆ ದಾನ ಕೊಟ್ಟುಬಿಟ್ಟಿದ್ದರು. ಅವನು ಬಂದು ಹೊತ್ತುಕೊಂಡೂ ಹೋದ.

"ಮನೆಮನೇಲೂ ಒಂದೊಂದು ಕೊಂಡು ಆಮೇಲೆ ಮೂಲೆಗೆ ಹಾಕೋದು ಪಾಪ ಅಂತ ಊರೆಲ್ಲ ಭಾಷಣ ಮಾಡಿದೋನು ನಾನು. ಈಗ ನನ್ನ ಮಂಚದ ಪಕ್ಕ ಕೊಂಡ ವಾಕರು ನಿಂತ್ರೆ ಜನ ಏನಂತಾರೆ?"

ಜೂನ್ ೧೪, ಶನಿವಾರ

ಇನ್ನೊಂದು ಕೊಂಡು ತಂದರು. ಅದೂ ದಾನ. ಇವರು ಹೆಸರಿಗೆ ಲಾರಿ ಬುಕಿಂಗ್ ಆಫೀಸಿನವರು, ಈ ವಾರ ಬಳಗದ ಮಹಾದಾನಿ. ದೊಡ್ಡ ಟೀಚರ್ ಕೃತಜ್ಞತಾ ಪತ್ರ ಬೇರೆ ಕಳಿಸಿದ್ದಾರೆ. ಅದರ ಮೇಲೆ ಸಹಿ ಹಾಕಬೇಕಾದವಳು ಹಂಗಾಮಿ ಅಧ್ಯಕ್ಷೆ. ಸಹಿ ಹಾಕಿ ನನ್ನ ಗಂಡನ ಕೈಗೇ ಕೊಟ್ಟೆ.

ಜೂನ್ ೧೭, ಮಂಗಳವಾರ

ಸಮಿತಿ ಸಭೆ. ನಿಯಮ ತಿದ್ದೋಣ ಎಂದು ನಾನೇ ವಿಷಯ ತೆಗೆದೆ. ಔಷಧಿ ಅಂಗಡಿಯವರು "ಆಗ್ಲಿ ಆಗ್ಲಿ" ಅಂದರು. ನಿಯಮ ತಿದ್ದಬೇಕಾದರೆ ಅಧ್ಯಕ್ಷರ ಒಪ್ಪಿಗೆ ಬೇಕೆಂದು ದೊಡ್ಡ ಟೀಚರ್ ನೆನಪಿಸಿದರು. ಫೋನಿನಲ್ಲಿ ಮಾವನನ್ನು ಹಿಡಿದು ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟೆ.

"ನನಗೋಸ್ಕರ ಒಂದು ಸಲ ಬಗ್ಗಿಸಿದ್ರೆ, ನಾಳೆ ಊರಿಗೆಲ್ಲ ಬಗ್ಗಿಸ್ಬೇಕಾಗುತ್ತೆ" ಎಂಬ ಧ್ವನಿ ಬಂತು. ಆಮೇಲೆ ಮೂರು ಸಲ ಗಂಟೆ. ವಿಷಯ ಮುಕ್ತಾಯ.

"ಹಂಗಾದ್ರೆ ರಾಜೀನಾಮೆ ಕೊಡಿ ಮಾವ! ಕಾಲು ಸರಿಯಾದ ಮೇಲೆ ಮತ್ತೆ ಆಗಿ."

"ನಾನು ಬಿಟ್ರೆ ಬಳಗ ಬಿತ್ತು ಅಂತಲೇ ಲೆಕ್ಕ."

ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎನ್ನುತ್ತಾರೆ. ಇಲ್ಲಿ ಗಂಟೆ ಬೆಕ್ಕಿನ ಕೈಯಲ್ಲೇ ಇದೆ.

ಸಭೆ ಮುಗಿದ ಮೇಲೆ ಬಡಗಿಯಣ್ಣ ಬಾಗಿಲ ಹತ್ತಿರ ಪಿಸುಗುಟ್ಟಿದ. "ಅಮ್ಮಾವ್ರೇ, ಒಂದು ವಾಕರ್ ರಿಪೇರಿಗೆ ಅಂತ ನಮ್ಮನೆಗೆ ಒಯ್ತೀನಿ. ಅಲ್ಲಿಂದ ನಿಮ್ಮನೆಗೆ ಬರುತ್ತೆ. ಯಾರಿಗೆ ಗೊತ್ತಾಗುತ್ತೆ?"

"ಬೇಲಿಯೇ ಎದ್ದು ಹೊಲ ಮೇಯೋದಾ? ಬಳಗ ಏನು ನಿಮ್ಮಪ್ಪನ ಮನೆ ಉಗ್ರಾಣ ಅಂದ್ಕೊಂಡ್ಯಾ?" ಅಂದುಬಿಟ್ಟೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. ಪಾಪ, ಒಳ್ಳೆಯದಕ್ಕೇ ಹೇಳಿದ್ದು. ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೋ ಕಾಣೆ. ತಲೆನೋವಿತ್ತು, ಅದಕ್ಕೇ ಇರಬೇಕು.

ಜೂನ್ ೨೨, ಭಾನುವಾರ

ಉಗ್ರಾಣ ತೆರೆಯುವುದು ಬುಧವಾರ ಮಧ್ಯಾಹ್ನ ಮಾತ್ರ. ಅದು ಮಾವನ ಪದ್ಧತಿ. ದುಡಿಯುವವರು ಬುಧವಾರ ಮಧ್ಯಾಹ್ನ ಎಲ್ಲಿಂದ ಬರುತ್ತಾರೆ? ಭಾನುವಾರ ಬೆಳಿಗ್ಗೆಯೂ ತೆರೆಯೋಣ ಎಂದು ಸಭೆಯಲ್ಲಿ ಒಂದು ಮಾತು ಹಾಕಿದ್ದೆ. "ಆಗ್ಲಿ ಆಗ್ಲಿ" ಎಂಬ ಮಾತು ಮೊದಲ ಸಲ ಕೆಲಸಕ್ಕೆ ಬಂತು.

ಹಳೆಯ ಮುದ್ರಣಾಲಯದ ಹಿಂದಿನ ಕೋಣೆ ಅದು. ಬಾಗಿಲು ತೆರೆದರೆ ಈಗಲೂ ಮಸಿಯ ವಾಸನೆ. ಯಾರೂ ಬರುವುದಿಲ್ಲ ಅಂದುಕೊಂಡು ಹೆಣಿಗೆ ತೆಗೆದುಕೊಂಡು ಹೋಗಿದ್ದೆ. ಬಾಗಿಲು ತೆರೆಯುವ ಮುಂಚೆಯೇ ಜನ ನಿಂತಿದ್ದರು. ಬಸ್ ಕಂಡಕ್ಟರೊಬ್ಬರು ಹೆಂಡತಿಯ ಭುಜ ಹಿಡಿದು ಕುಂಟುತ್ತಾ ಬಂದಿದ್ದರು. ಊರುಗೋಲು ಕೊಟ್ಟೆ. ಅವರಿಗೆ ಅದು ಎತ್ತರವಾಗಿ ಹೆಗಲು ಕಿವಿಗೆ ಬಂತು. ಕನ್ನಡಕದ ಕಡ್ಡಿ ಕಿವಿಗೆ ಹೊಂದಿಸುವುದು ನನ್ನ ನಿತ್ಯದ ಕೆಲಸ. ಊರುಗೋಲು ಅದರ ದೊಡ್ಡಣ್ಣ, ಅಷ್ಟೆ. ಗುಂಡಿ ಒತ್ತಿ ಒಂದೊಂದೇ ತೂತು ಇಳಿಸಿ, ನಡೆಸಿ, ಮತ್ತೆ ಇಳಿಸಿದೆ. ನಾಲ್ಕನೆಯ ಸಲಕ್ಕೆ ಅವರು ಕೋಣೆಯ ಆ ತುದಿಗೆ ಹೋಗಿ ತಿರುಗಿ ನಿಂತು, "ರೈಟ್, ಹೋಗ್ಲಿ!" ಎಂದು ಕೂಗಿದರು. ಅವರ ಹೆಂಡತಿ ಎಷ್ಟು ನಕ್ಕರೆಂದರೆ ಕಣ್ಣಲ್ಲಿ ನೀರು ಬಂತು.

ಹೆಣಿಗೆ ಚೀಲದಿಂದ ಹೊರಗೆ ಬರಲೇ ಇಲ್ಲ. ಇವರು ಊಟಕ್ಕೆ ಕರೆಯಲು ಬರಬೇಕಾಯಿತು.

ಮನೆಗೆ ಬಂದು ಮಾವನಿಗೆ ಎಲ್ಲ ಹೇಳಿದೆ. ಕಂಡಕ್ಟರು, ರೈಟ್ ಹೋಗ್ಲಿ, ಬುಧವಾರಕ್ಕಿಂತ ಹೆಚ್ಚು ಜನ ಬಂದದ್ದು, ಗಾಲಿಕುರ್ಚಿಗಳನ್ನು ಬಾಗಿಲ ಹತ್ತಿರಕ್ಕೆ ಎಳೆದಿಟ್ಟದ್ದು. ಅವರು ಕೇಳಿಸಿಕೊಂಡರು. "ಒಳ್ಳೇದಾಯ್ತು" ಅಂದರು. ಗೋಡೆ ಕಡೆ ತಿರುಗಿದರು.

ಸಂಜೆಯೆಲ್ಲ ಗಂಟೆ ಬಾರಿಸಲಿಲ್ಲ. ಒಂದು ಸಲ ಕೂಡ. ನೀರು ಬೇಕೇ ಎಂದು ನಾನೇ ಹೋಗಿ ಕೇಳಿದೆ. ಹಾಳು ಗಂಟೆ ಬಾರಿಸಿದರೆ ಸಿಟ್ಟು, ಬಾರಿಸದಿದ್ದರೆ ಸಂಕಟ.

ಜೂನ್ ೨೫, ಬುಧವಾರ

ಡಾಕ್ಟರಮ್ಮ ಇವತ್ತು ನಗಲಿಲ್ಲ. "ಅಜ್ಜಾ, ಇನ್ನೊಂದು ವಾರ ಹೀಗೇ ಮಲಗಿದ್ರೆ ಆಮೇಲೆ ನಾನು ಬಂದೂ ಪ್ರಯೋಜನ ಇಲ್ಲ. ಕಾಯಂ ಹಾಸಿಗೇನೇ" ಎಂದು ನೇರವಾಗಿ ಹೇಳಿ ಹೋದಳು.

ಮಧ್ಯಾಹ್ನ ಉಗ್ರಾಣಕ್ಕೆ ಹೊರಡುವ ಹೊತ್ತಿಗೆ ಮುಂದಿನ ಕೋಣೆಯಿಂದ ಏನೋ ಬಿದ್ದ ಸದ್ದು. ಓಡಿದೆ. ಕಿಟಕಿಯ ಸರಳು ಹಿಡಿದು ಒಬ್ಬರೇ ನಿಲ್ಲಲು ಹೋಗಿದ್ದಾರೆ. ಬಿದ್ದದ್ದು ನೀರಿನ ಚೊಂಬು, ಅವರಲ್ಲ. ಅವರು ಸರಳಿಗೆ ಜೋತುಬಿದ್ದು ನಡುಗುತ್ತಿದ್ದರು. ಮೆಲ್ಲಗೆ ಕೂರಿಸಿದೆ. ನನಗೆ ಭಯಕ್ಕೆ ಅಳು ಬಂತು, ಅಳುವಿನ ಜೊತೆ ಸಿಟ್ಟೂ ಬಂತು.

"ಏನು ಹಠ ಮಾವ ನಿಮ್ದು? ಒಂದು ವಾಕರ್ ಎರವಲು ತಗೊಂಡ್ರೆ ಮಾನ ಹೋಗುತ್ತಾ?"

ಹೊದಿಕೆಯನ್ನು ಕಾಲ ಮೇಲೆ ಎಳೆದುಕೊಂಡರು. ಆಮೇಲೆ ಅತ್ತೆಯ ವಿಷಯ ತೆಗೆದರು. ನಾನು ಈ ಮನೆಗೆ ಬರುವ ಮುಂಚೆಯೇ ಹೋದವರು ಅತ್ತೆ. ಕಾಲಿನ ಬಲ ಹೋಗಿದ್ದಾಗ, ಒಂದೇ ಒಂದು ಸಲ ಹೊರಗೆ ಬಿಸಿಲಿಗೆ ಕರೆದುಕೊಂಡು ಹೋಗಿ ಎಂದು ಕೇಳಿದ್ದರಂತೆ.

"ಗಾಲಿಕುರ್ಚಿ ಇರೋರ ಮನೆ ಎಲ್ಲಾ ಸುತ್ತಿದೆ ಕಣಮ್ಮ. ತಕ್ಕಡಿ ಹಿಡಿದಿದ್ನಲ್ಲ, ಎಲ್ರಿಗೂ ನನ್ನ ಮೇಲೆ ಕೋಪ. ಒಬ್ಬೊಬ್ರು ಒಂದೊಂದು ನೆಪ ಹೇಳಿದ್ರು. ಕೊನೆಗೂ ಸಿಗ್ಲಿಲ್ಲ. ಅವತ್ತೇ ಅಂದ್ಕೊಂಡೆ, ಇನ್ನು ಈ ಜನ್ಮದಲ್ಲಿ ಯಾರ ಹತ್ರಾನೂ ಎರವಲು ಕೇಳೋದಿಲ್ಲ. ಬೇರೆ ಯಾರೂ ಬೇಡಿಕೊಳ್ಳೋ ಹಂಗೂ ಆಗ್ಬಾರ್ದು."

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಇದು ನನಗೆ ಗೊತ್ತಿರಲಿಲ್ಲ. ಭಾನುವಾರ ಕಂಡದ್ದನ್ನೇ ಹೇಳಿದೆ. "ಅಲ್ಲಿ ಯಾರೂ ಬೇಡಿಕೊಳ್ಳಲ್ಲ ಮಾವ. ಬರ್ತಾರೆ, ಅಳತೆ ನೋಡ್ಕೋತಾರೆ, ತಗೊಂಡು ಹೋಗ್ತಾರೆ. ನೀವೇ ಹಂಗೆ ಮಾಡಿಟ್ಟಿದ್ದೀರಲ್ಲ."

ಅವರು ಮೂಗು ಒರೆಸಿಕೊಂಡರು. "ರಾಜೀನಾಮೆ ಬರ್ಕೋ, ಹೇಳ್ತೀನಿ" ಅಂದರು.

ಜೂನ್ ೨೬, ಗುರುವಾರ

ಅತ್ತ ದರಿ, ಇತ್ತ ಪುಲಿ. ರಾಜೀನಾಮೆ ತೆಗೆದುಕೊಂಡು ಬೆಳಿಗ್ಗೆ ದೊಡ್ಡ ಟೀಚರ್ ಮನೆಗೆ ಹಾರಿಕೊಂಡು ಹೋದೆ. ಅವರು ಓದಿ, ಕನ್ನಡಕ ತೆಗೆದು ಒರೆಸಿ, "ಇದು ಸರಿ. ಆದ್ರೆ ನೀವು ಇದ್ದೀರಲ್ಲ?" ಅಂದರು.

ಮಾವ ಸಮಿತಿಯಿಂದ ಹೊರಗೆ ಹೋದರೂ ಅಧ್ಯಕ್ಷೆಯ ಮನೆಯವರು. ಒಂದೇ ಒಲೆ.

ಅದಕ್ಕೇನಂತೆ, ನಾನೂ ಬಿಟ್ಟರಾಯಿತು. ಮೊದಲ ದಿನದಿಂದ ಇದಕ್ಕೇ ಕಾಯುತ್ತಿದ್ದವಳು ನಾನು. ಮಧ್ಯಾಹ್ನ ಕೂತು ನನ್ನ ರಾಜೀನಾಮೆ ಬರೆದೆ. ಅಕ್ಷರ ಚೆನ್ನಾಗಿ ಬರಲಿಲ್ಲ, ಹರಿದೆ. ಮತ್ತೆ ಬರೆದೆ, ಒಕ್ಕಣೆ ಸರಿಬರಲಿಲ್ಲ. ಮೂರನೆಯ ಸಲ ಪೆನ್ನೇ ಕೈಕೊಟ್ಟಿತು. ಭಾನುವಾರ ಮಹಾಸಭೆಯಲ್ಲಿ ಬಾಯಲ್ಲೇ ಹೇಳಿದರಾಯಿತು.

ಕಂಡಕ್ಟರಿಗೆ ಎರಡು ವಾರದ ಮೇಲೆ ಬಂದು ಅಳತೆ ತೋರಿಸಿ ಎಂದಿದ್ದೆ. ಮುಂದೆ ಬರುವವರು ಅದನ್ನೆಲ್ಲ ನೋಡುತ್ತಾರೋ ಇಲ್ಲವೋ. ನೋಡದಿದ್ದರೆ ನನಗೇನು?

ರಾತ್ರಿ ಊಟದಲ್ಲಿ ಇವರು, "ಯಾಕೆ ಮುಖ ಹಿಂಗಿದೆ? ನಿನಗೆ ಬೇಕಾಗಿದ್ದೂ ಇದೇ ಅಲ್ವಾ?" ಅಂದರು. ಗಂಡಸರಿಗೆ ಮುಖ ಓದಲು ಬರುವುದಿಲ್ಲ. ಮಾವ ನಮ್ಮಿಬ್ಬರನ್ನೂ ನೋಡುತ್ತಾ ಗಂಜಿ ಕುಡಿದರು.

ಜೂನ್ ೨೮, ಶನಿವಾರ

ಅಟ್ಟದ ಮೇಲಿನ ಹಳೆಯ ಒಂಟಿ ಬರ್ನರಿನ ಗ್ಯಾಸ್ ಒಲೆ ಇಳಿಸಿಕೊಡು ಎಂದು ಮಾವ ಇವರಿಗೆ ಹೇಳಿದರು. ಇವರು ಧೂಳು ಕೊಡವುತ್ತಾ ಇಳಿಸಿದರು. ಅದನ್ನೂ ಯಾರಿಗೋ ದಾನ ಕೊಡುತ್ತಾರೆ ಅಂದುಕೊಂಡೆ. ಒಲೆಯನ್ನೂ ಎರವಲು ಕೊಡಲು ಶುರುವಾದರೆ ಮನೆಯಲ್ಲಿ ಉಳಿಯುವುದು ನಾವು ಮೂವರೇ.

ಜೂನ್ ೨೯, ಭಾನುವಾರ

ಮಹಾಸಭೆ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ನಡೆಯಿತು, ಮಾವನ ಮಂಚದ ಸುತ್ತ. ಕೂರಲು ಜಾಗ ಸಾಲದೆ ಸದಸ್ಯರು ಮೆಟ್ಟಿಲವರೆಗೂ ನಿಂತಿದ್ದರು. ಮಾವನ ರಾಜೀನಾಮೆಯನ್ನು ದೊಡ್ಡ ಟೀಚರ್ ಓದಿದರು. ಔಷಧಿ ಅಂಗಡಿಯವರು ಕೂಡ "ಆಗ್ಲಿ" ಅನ್ನಲಿಲ್ಲ, ಕರವಸ್ತ್ರ ತೆಗೆದರು.

ನಾನು ಎದ್ದೆ. "ನಾನೂ ಈ ಸ್ಥಾನವನ್ನು..." ಎನ್ನುವಷ್ಟರಲ್ಲಿ ಗಂಟೆ ಮೊಳಗಿತು. ಮೂರು ಸಲ.

"ರಾಜೀನಾಮೆ ಕೊಟ್ಟ ಮೇಲೆ ಗಂಟೆ ಬಾರಿಸೋ ಹಾಗಿಲ್ಲ" ಅಂದರು ದೊಡ್ಡ ಟೀಚರ್.

"ತಪ್ಪಾಯ್ತು" ಎಂದು ಮಾವ ಗಂಟೆಯನ್ನು ನನ್ನ ಕಡೆ ಚಾಚಿದರು. "ಇದನ್ನ ಇವಳಿಗೆ ಕೊಡಿ. ಸೊಸೆ ಅಂತ ಹೇಳ್ತಿಲ್ಲ. ನಾನು ಇಷ್ಟು ವರ್ಷ ಬುಧವಾರ ಬುಧವಾರ ಬಾಗಿಲು ತೆಗೆದು, ಯಾಕೆ ಜನ ಬರಲ್ಲ ಅಂತ ಜನರನ್ನ ಬೈತಿದ್ದೆ. ಇವಳು ಬಾಗಿಲು ತೆಗೆಯೋ ದಿನಾನೇ ಬದಲಾಯಿಸಿದಳು. ಅದು ನನಗೆ ಹೊಳೀಲೇ ಇಲ್ಲ. ಮೂರು ದಿನ ಹೊಟ್ಟೆ ಉರೀತು. ಈಗ ಪರ್ವಾಗಿಲ್ಲ."

ಬಡಗಿಯಣ್ಣ ಸೂಚಿಸಿದ. ಔಷಧಿ ಅಂಗಡಿಯವರು ಅನುಮೋದಿಸಿದರು. ಕೈಗಳು ಎದ್ದವು. ನಾನು ಬೇಡ ಅನ್ನಬೇಕೆಂದಿದ್ದೆ. ಸಭೆಯ ಶಿಸ್ತು, ನಡುವೆ ಬಾಯಿ ಹಾಕಬಾರದು.

"ಹಾಗಾದ್ರೆ ಹಳೇ ಅಧ್ಯಕ್ಷರಿಗೆ ವಾಕರ್ ಸಿಗಲ್ಲ" ಅಂದರು ದೊಡ್ಡ ಟೀಚರ್, ದನಿ ಸಣ್ಣದು ಮಾಡಿ. "ಮನೆಯವರಾದ್ರಲ್ಲ."

"ಯಾರು ಮನೆಯವರು? ಬೈಲಾ ಓದಿ ಟೀಚರ್ರೇ."

"ಒಂದೇ ಒಲೆಯ ಅಡುಗೆ ಉಣ್ಣುವವರು."

"ನನ್ನ ಒಲೆ ಬೇರೆ" ಎಂದು ಮಾವ ಅದಕ್ಕೆ ಮುಚ್ಚಿದ್ದ ಹೊದಿಕೆಯನ್ನು ಸರಿಸಿದರು. ಮಂಚದ ಪಕ್ಕದ ಸಣ್ಣ ಮೇಜಿನ ಮೇಲೆ ಅಟ್ಟದ ಒಲೆ, ಒಂದು ಪಾತ್ರೆ, ಒಂದು ಸೌಟು.

ಸದಸ್ಯರೆಲ್ಲ ಗೊಳ್ಳೆಂದು ನಕ್ಕರು. ದೊಡ್ಡ ಟೀಚರ್ ನಗಲಿಲ್ಲ. ಒಲೆ ಇದ್ದರೆ ಸಾಲದು, ಅದರಲ್ಲಿ ಅಡುಗೆ ಆಗಬೇಕು, ಉಣ್ಣಬೇಕು ಎಂದರು. ನಿಂತು ಅಡುಗೆ ಮಾಡಬೇಕಾದರೆ ವಾಕರು ಬೇಕು. ವಾಕರು ಬೇಕಾದರೆ ಅಡುಗೆ ಆಗಿರಬೇಕು. ಇದರ ಮೇಲೆ ಚರ್ಚೆ ಕಾವೇರಿ, ಕೊನೆಗೆ ಹೊಸ ಅಧ್ಯಕ್ಷೆ ಗಂಟೆ ಬಾರಿಸಿ, ಮೊದಲ ಅಡುಗೆಯನ್ನು ಕೂತೇ ಮಾಡಬಹುದೆಂದು ತೀರ್ಪು ಕೊಟ್ಟಳು.

ಇಡೀ ಮಹಾಸಭೆ ನೋಡುತ್ತಿರುವಾಗ ಮಾವ ಮಂಚದ ಅಂಚಿನಲ್ಲಿ ಕೂತು ಆಲೂಗಡ್ಡೆ ಬೇಯಿಸಿದರು. ಜೀವಮಾನದಲ್ಲಿ ಮೊದಲ ಸಲ. ಹೊರಗೆ ಕರಿ, ಒಳಗೆ ಕಲ್ಲು. ಉಪ್ಪು ಹಾಕಿ, ಯಾರ ಸಹಾಯವೂ ಇಲ್ಲದೆ ತಿಂದರು. ಮುಖ ಮಾತ್ರ ಸ್ವಲ್ಪವೂ ಕಿವುಚಲಿಲ್ಲ. ವಾಕರು ಮಂಜೂರಾಯಿತು. ಎಂಟು ವಾರದ ಎರವಲು.

ಬಡಗಿಯಣ್ಣ ತಂದುಕೊಟ್ಟದ್ದು ಇವರು ಕೊಂಡಿದ್ದ ಮೊದಲನೆಯ ವಾಕರು. ನಾನು ಗುಂಡಿ ಒತ್ತಿ ಎತ್ತರ ಹೊಂದಿಸಿದೆ. ಮಾವ ಹಿಡಿದರು. ಎದ್ದರು. ನಿಂತರು. ಮೆಟ್ಟಿಲ ಮೇಲೆ ಯಾರೋ "ರೈಟ್, ಹೋಗ್ಲಿ!" ಎಂದು ಕೂಗಿದರು.

ಜುಲೈ ೩, ಗುರುವಾರ

ಒಲೆಯನ್ನು ಎತ್ತರದ ಮೇಜಿಗೆ ಏರಿಸಿಕೊಂಡಿದ್ದಾರೆ. ಹೊಟ್ಟೆಗೆ ಬೇಕೆಂದರೆ ಎದ್ದು ನಿಲ್ಲಲೇಬೇಕು. ಮನೆಯಲ್ಲಿ ಸೀದ ವಾಸನೆ. ನಮ್ಮ ಒಲೆಯದು ಒಂದು ತುತ್ತೂ ಅವರಿಗೆ ಹೋಗುವಂತಿಲ್ಲ. ಸೀದ ಅನ್ನ ತಿನ್ನುವುದನ್ನು ಬಾಗಿಲಲ್ಲಿ ನಿಂತು ನೋಡಬೇಕು.

ಇವರಿಗೆ ತಡೆಯಲಾಗದೆ ತಟ್ಟೆ ಮುಚ್ಚಿಕೊಂಡು ಒಂದು ಆಮ್ಲೆಟ್ ಒಯ್ದರು.

"ಏಯ್!" ಎಂದು ನಾನೂ ಮಾವನೂ ಒಟ್ಟಿಗೆ ಕೂಗಿದೆವು.

ಇವರು ಆಮ್ಲೆಟ್ಟನ್ನು ನಡುಮನೆಯಲ್ಲಿ ನಿಂತೇ ತಿಂದು, "ಒಬ್ರು ಅಧ್ಯಕ್ಷರನ್ನೇ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ" ಎಂದು ಗೊಣಗಿದರು.

ಜುಲೈ ೨೦, ಭಾನುವಾರ

ನಮ್ಮ ಬಳಗಕ್ಕೆ ಇವತ್ತು ಕಂಡಕ್ಟರು ಊರುಗೋಲು ವಾಪಸು ತಂದರು. ಮುಂದಿನ ಸಭೆಗೆ ನಾಲ್ಕು ವಿಷಯ ಇಟ್ಟಿದ್ದೇನೆ. ದೊಡ್ಡ ಟೀಚರ್ ಜಾಸ್ತಿಯಾಯಿತು ಅಂದರು. ಆಗಲಿ, ಎರಡು ಗಂಟೆ ಕೂತರೆ ಏನು ಗಂಟು ಹೋಗುತ್ತದೆ?

ಮಾವ ಬಾಗಿಲವರೆಗೆ ನಡೆಯುತ್ತಾರೆ, ಬಾಗಿಲಿಂದ ಒಲೆಗೆ. ಟೀ ಈಗ ಚೆನ್ನಾಗಿ ಬರುತ್ತಿದೆಯಂತೆ. ಮಧ್ಯಾಹ್ನ ವಾಕರಿಗೆ ಚೀಲ ತೂಗುಹಾಕಿ, ಅದರಲ್ಲಿ ಮುಚ್ಚಳದ ಲೋಟವೊಂದನ್ನು ತಂದು ನನ್ನ ಮುಂದೆ ಇಟ್ಟರು.

"ಒಂದು ಗುಟುಕು ಕುಡಿದು ನೋಡು."

ಏಲಕ್ಕಿ ಹಾಕಿದ್ದರು. ಘಮ್ಮೆಂದಿತು. ನಾನು ಬೆಳಿಗ್ಗೆಯಿಂದ ಟೀ ಕುಡಿದಿರಲಿಲ್ಲ.

"ಆಗಲ್ಲ ಮಾವ. ನಿಮ್ಮ ಎರವಲು ಇನ್ನೂ ಮುಗಿದಿಲ್ಲ."

ಅವರು ಲೋಟ ಎತ್ತಿಕೊಂಡು ಹೋದರು. ಮುಖದಲ್ಲಿ ಅಂಥ ಸಂತೋಷ, ನೀವು ನೋಡಬೇಕಿತ್ತು.

ಈ ದಿನಚರಿಯಲ್ಲಿ "ನೀವು" ಎಂದು ಯಾರಿಗೆ ಬರೆದೆನೋ. ಸಭೆಯಲ್ಲಿ ಮಾತಾಡಿ ಮಾತಾಡಿ ಅಭ್ಯಾಸ.

ಆಗಸ್ಟ್ ೨೪, ಭಾನುವಾರ

ಉಗ್ರಾಣದಲ್ಲಿ ಜನ ಇದ್ದರು. ತಲೆ ಎತ್ತಿದರೆ ಬಾಗಿಲಲ್ಲಿ ಮಾವ. ಒಂದು ಕೈಯಲ್ಲಿ ಅವರದೇ ಹಳೆಯ ಕೋಲು. ಇವರು ಹಿಂದೆ ವಾಕರು ಹೊತ್ತುಕೊಂಡು ನಿಂತಿದ್ದರು. ಮುಂದಿದ್ದವರು ಜಾಗ ಬಿಡಲು ಹೋದರೆ ಬೇಡ ಎಂದು ಸರದಿಯ ಕೊನೆಗೆ ಹೋಗಿ ನಿಂತರು. ಅವರ ಸರದಿ ಬಂತು.

"ವಾಪಸು ಕೊಡೋಕೆ ಬಂದಿದ್ದೀನಿ. ಎರವಲು ಸಿಕ್ಕಿದ್ದು ಬಹಳ ಉಪಕಾರವಾಯ್ತು."

ಆ ಮಾತು ಹೇಳುವಾಗ ಅವರು ಕೋಲಿನ ಹಿಡಿಯನ್ನೇ ನೋಡುತ್ತಿದ್ದರು. ನಾನೂ ಅವರ ಮುಖ ನೋಡದೆ ವಾಕರನ್ನು ತಲೆಕೆಳಗು ಮಾಡಿ ಪರೀಕ್ಷೆ ಮಾಡಲು ಕೂತೆ. ಅಲ್ಲಾಡಿಸಿದೆ. ಒಂದೊಂದೇ ಕಾಲು ನೋಡಿದೆ.

"ಬುಡದ ರಬ್ಬರು ಸವೆದುಹೋಗಿದೆಯಲ್ಲ ಮಾವ? ಹೊಸ ವಾಕರ್ ಇದು."

"ನಡೆದ್ರೆ ಸವೆಯುತ್ತೆ, ಅಧ್ಯಕ್ಷರೇ" ಅಂದರು.

ನಾಲ್ಕು ರಬ್ಬರನ್ನೂ ಬದಲಿಸಲು ಬಡಗಿಯಣ್ಣನಿಗೆ ಹೇಳಿದೆ. ಹಳೆಯದರಲ್ಲಿ ಒಂದನ್ನು ಯಾಕೋ ಚೀಲಕ್ಕೆ ಹಾಕಿಕೊಂಡೆ.

ಸಂಜೆ ಮಾವನ ತಟ್ಟೆಯನ್ನು ಮೊದಲಿನ ಹಾಗೆ ನಮ್ಮ ಮೇಜಿನ ಮೇಲಿಟ್ಟೆ. ಅವರು ಬರಲಿಲ್ಲ. ಮುಂದಿನ ಕೋಣೆಯಿಂದ ಸೌಟಿನಲ್ಲಿ ಪಾತ್ರೆಗೆ ಬಡಿದ ಸದ್ದು, ಮೂರು ಸಲ. ಹೋಗಿ ನೋಡಿದರೆ ಎತ್ತರದ ಮೇಜಿನ ಮೇಲೆ ಮೂರು ತಟ್ಟೆ. ಅನ್ನ, ಬೇಳೆ, ಆಲೂಗಡ್ಡೆ.

"ಕೂತ್ಕೊಳ್ಳಿ ಇಬ್ರೂ" ಅಂದರು. "ಇವತ್ತಿಂದ ಒಂದೇ ಒಲೆ."

ಉಪ್ಪು ಜಾಸ್ತಿಯಾಗಿತ್ತು. ಸರ್ವಾನುಮತದಿಂದ ಉಂಡೆವು.